ಹಳೇ ಲ್ಯಾಪ್‌ಟಾಪು, ನಾಲ್ಕು ಕೌದಿ

1,12,000 ರೂಪಾಯಿ. ತಡಸದಲ್ಲಿರುವ ಅಕ್ಕನ ಮಗ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕೊಟೇಶನ್ನಿನ ಕೊನೇ ಸಾಲು ಅದು. ಮೇಲಿನ ಸಾಲುಗಳಲ್ಲಿ ಹೊಸ ಪ್ರೊಸೆಸರ್, ಗೇಮ್ ಆಡುವವರು ಹಾಕಿಸುವ ಗ್ರಾಫಿಕ್ಸ್ ಕಾರ್ಡು, 32 ಜಿಬಿ ರ‍್ಯಾಮು, ನೀರಿನಿಂದ ತಣ್ಣಗಾಗುವ ಕೂಲರ್, ಬಣ್ಣ ಬದಲಿಸುವ ಲೈಟಿನ ಡಬ್ಬ ಎಲ್ಲ ಇದ್ದವು. ಕೆಳಗೆ ಅವನ ಪ್ರಶ್ನೆ: "ಮಾಮಾ, ಅಜ್ಜನ ಭಜನಿ ರೆಕಾರ್ಡ್ ಮಾಡಾಕ ಇಷ್ಟು ಸಾಕಾಗ್ತೈತೇನು?"

ಆ ಪಟ್ಟಿಯಲ್ಲಿ ಮೈಕೇ ಇರಲಿಲ್ಲ.

ಈ ಅಂಕಣಕ್ಕೆ ಬರುವ ಮೇಲ್‌ಗಳಲ್ಲೂ ಇಂಥವು ಆಗಾಗ ಇರುತ್ತವೆ. ಪಿಜಿಯಲ್ಲಿ ಗಿಟಾರ್ ಹಿಡಿದು ಹಾಡೋರು, ಮಗಳ ಸಂಗೀತ ರೆಕಾರ್ಡ್ ಮಾಡಿ ಅಜ್ಜಿಗೆ ಕಳಿಸೋರು, ಪಾಡ್‌ಕಾಸ್ಟ್ ಶುರು ಮಾಡಬೇಕು ಅನ್ನೋರು. ಎಲ್ಲರದೂ ಮೊದಲ ಪ್ರಶ್ನೆ ಒಂದೇ: ಎಂಥ ಕಂಪ್ಯೂಟರ್ ತಗೊಳ್ಳಲಿ? ಕಂಪ್ಯೂಟರಿನ ಮೇಲೆ ಅಂಕಿಗಳಿರುತ್ತವೆ, ಒಂದಕ್ಕೊಂದು ಹೋಲಿಸಬಹುದು. ಹಾಡುವ ಕೋಣೆಯ ಮೇಲೆ ಯಾರೂ ಅಂಕಿ ಬರೆದಿರುವುದಿಲ್ಲ. ಹಾಗಾಗಿ ದುಡ್ಡೆಲ್ಲ ಅಂಕಿ ಇರುವ ಕಡೆಗೇ ಹರಿಯುತ್ತದೆ. ಈ ಸಲ ಅಳಿಯನ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ. ನಿಮ್ಮ ಪಿಜಿಗೋ ಫ್ಲ್ಯಾಟಿಗೋ ಬೇಕಾದಷ್ಟು ಅದರಲ್ಲಿ ಆರಿಸಿಕೊಳ್ಳಿ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಬಂದಿದ್ದರೆ ತಡಸ ಕ್ರಾಸ್ ನಿಮಗೆ ಗೊತ್ತಿರುತ್ತದೆ. ಮುಂಡಗೋಡಕ್ಕೆ ಹೋಗುವವರು ಅಲ್ಲಿ ತಿರುಗುತ್ತಾರೆ. ಶಿಗ್ಗಾವಿ ತಾಲ್ಲೂಕಿನ ಊರು. ಸಂತ ಶಿಶುನಾಳ ಶರೀಫರ ಶಿಶುನಾಳ ಕೂಡ ಇದೇ ತಾಲ್ಲೂಕು. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದಗಳನ್ನು ಈ ಸೀಮೆಯ ಭಜನಾ ಮೇಳಗಳು ಏಕತಾರಿ, ದಮ್ಮಡಿ, ತಾಳ ಹಿಡಿದು ತಲೆಮಾರಿನಿಂದ ತಲೆಮಾರಿಗೆ ಹಾಡಿಕೊಂಡು ಬಂದಿವೆ. ಅಕ್ಕನ ಮಾವ, ಅಂದರೆ ಅಳಿಯನ ಅಜ್ಜ, ಅಂಥದೊಂದು ಮೇಳದ ಮುಮ್ಮೇಳದವರು. ವಯಸ್ಸು 78. ಮೇಳದಲ್ಲಿ ಆರು ಜನ ಇದ್ದರು. ಮೂರು ವರ್ಷದಲ್ಲಿ ಇಬ್ಬರು ಹೋದರು. ಅಜ್ಜನಿಗೆ ಈಗ ದಮ್ಮು. ಮೊದಲು ಒಂದೇ ಉಸಿರಿನಲ್ಲಿ ಹಾಡುತ್ತಿದ್ದ ಸಾಲನ್ನು ಎರಡು ತುಂಡು ಮಾಡಿ ಹಾಡುತ್ತಾರೆ.

ಪದಗಳು ಕಳೆದುಹೋಗುವ ಭಯ ಇಲ್ಲ. ಶರೀಫರ ಪದಗಳು ಪುಸ್ತಕದಲ್ಲಿವೆ, ಫೋನಿನಲ್ಲೂ ಸಿಗುತ್ತವೆ. ಕಳೆದುಹೋಗುತ್ತಿರುವುದು ಧಾಟಿ. ಸಿ. ಅಶ್ವತ್ಥ್ ಹಾಡಿದ ಕ್ಯಾಸೆಟ್ಟುಗಳು, ಆಮೇಲೆ 1990ರಲ್ಲಿ ಬಂದ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ, ಇವು ಶರೀಫರನ್ನು ಇಡೀ ಕರ್ನಾಟಕದ ಮನೆಮನೆಗೆ ಒಯ್ದವು. ಅದೇನು ಸಣ್ಣ ಉಪಕಾರ ಅಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ನನ್ನ ಸಹೋದ್ಯೋಗಿಗಳಿಗೆ ಶರೀಫರ ಹೆಸರು ಗೊತ್ತಿರುವುದೇ ಅಶ್ವತ್ಥರಿಂದ. ಆದರೆ ಒಂದು ಧಾಟಿ ಅಷ್ಟು ಜನಪ್ರಿಯವಾದ ಮೇಲೆ ಅದೇ 'ಸರಿಯಾದ' ಧಾಟಿ ಆಗಿಬಿಡುತ್ತದೆ. ಅಜ್ಜ ಒಮ್ಮೆ ನನ್ನ ಮುಂದೆಯೇ ಅಂದಿದ್ದರು: "ತಮ್ಮಾ, ಈಗಿನ ಹುಡುಗೂರು ನನಗ ಹೇಳ್ತಾವು, ಯಜ್ಜಾ ನೀ ತಪ್ಪ ಹಾಡಾಕತ್ತಿ ಅಂತ. ನಮ್ಮಪ್ಪ ಕಲಿಸಿದ್ದು ತಪ್ಪಾತು ನೋಡು." ನಕ್ಕೇ ಹೇಳಿದ್ದರು. ಅಳಿಯನಿಗೆ ರೆಕಾರ್ಡಿಂಗಿನ ಹುಚ್ಚು ಹಿಡಿದಿದ್ದು ಆ ಮಾತಿನಿಂದ.

ಇನ್ನು ರೊಕ್ಕದ ವಿಷಯ. ಗೋವಿನಜೋಳ ಮಾರಿ ಬಂದದ್ದರಲ್ಲಿ ಅಕ್ಕ 50,000 ಕೊಡಲು ಒಪ್ಪಿದ್ದಳು. ಅದರಲ್ಲೇ ಬೋರ್‌ವೆಲ್ ಮೋಟರಿನ ರಿವೈಂಡಿಂಗ್ ಖರ್ಚಿಗೂ ಸ್ವಲ್ಪ ಉಳಿಯಬೇಕು ಅನ್ನೋದು ಅವಳ ಷರತ್ತು. ಉಳಿದ 62,000ಕ್ಕೆ ಅಳಿಯ ಸಾಲ ನೋಡುತ್ತಿದ್ದ, ಫೋನಿನಲ್ಲೇ ಐದು ನಿಮಿಷಕ್ಕೆ ಕೊಡುವಂಥ ಸಾಲ. ಮೊದಲು ನಾನು ನಿಲ್ಲಿಸಿದ್ದು ಅದನ್ನು.

ಈಗ ಲೆಕ್ಕ ನೋಡೋಣ. ಧ್ವನಿ ರೆಕಾರ್ಡ್ ಆಗುವಾಗ ಕಂಪ್ಯೂಟರ್ ಮಾಡುವ ಕೆಲಸ ಬಹಳ ಸಣ್ಣದು. ಸೆಕೆಂಡಿಗೆ 48,000 ಸಲ ಅಳತೆ, ಒಂದೊಂದು ಅಳತೆಗೆ 24 ಬಿಟ್ ಅಂದರೆ 3 ಬೈಟು. ಗುಣಿಸಿದರೆ ಒಂದು ಮೈಕಿಗೆ ಸೆಕೆಂಡಿಗೆ 1,44,000 ಬೈಟು, ನಿಮಿಷಕ್ಕೆ ಸುಮಾರು 8.6 ಎಂಬಿ. ಎರಡು ಮೈಕ್ ಇಟ್ಟು ಮೂರು ಗಂಟೆ ಭಜನೆ ಮಾಡಿದರೂ 3 ಜಿಬಿ ಚಿಲ್ಲರೆ. ಮದುವೆಯ ವಿಡಿಯೋ ಇದಕ್ಕಿಂತ ದೊಡ್ಡದಿರುತ್ತದೆ. ಬೀಟಲ್ಸ್ ತಂಡ 1967ರ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಂ ಮಾಡಿದ್ದು ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರಗಳ ಮೇಲೆ. ಆಫೀಸಿನಿಂದ ಕಳಚಿ ಬಂದ ಹಳೇ ಲ್ಯಾಪ್‌ಟಾಪು ಕೂಡ ಹತ್ತಾರು ಟ್ರ್ಯಾಕುಗಳನ್ನು ಬೆವರದೆ ಎಳೆಯುತ್ತದೆ. ಗ್ರಾಫಿಕ್ಸ್ ಕಾರ್ಡಿಗೂ ಅಜ್ಜನ ಏಕತಾರಿಗೂ ಸಂಬಂಧವೇ ಇಲ್ಲ.

ಒಂದು ವಿನಾಯಿತಿ ಹೇಳಿಬಿಡುತ್ತೇನೆ. ನೀವು ಕೀಬೋರ್ಡ್ ಒತ್ತಿ ಕಂಪ್ಯೂಟರಿನೊಳಗಿನ ಪಿಟೀಲು, ಕೊಳಲು, ಡ್ರಮ್ಸ್ ಎಲ್ಲ ನುಡಿಸಿ ಸಿನಿಮಾ ಸಂಗೀತದಂಥದ್ದು ಕಟ್ಟುವವರಾದರೆ ಮಾತು ಬೇರೆ. ಆ ವಾದ್ಯಗಳ ಸ್ಯಾಂಪಲ್ಲುಗಳು ರ‍್ಯಾಮಿನಲ್ಲಿ ಬಂದು ಕೂರುತ್ತವೆ. 16 ಜಿಬಿ ಬೇಕು, 32 ಇದ್ದರೆ ಒಳ್ಳೆಯದು. ನಿಜವಾದ ಮನುಷ್ಯ, ನಿಜವಾದ ವಾದ್ಯ ಅಂದರೆ 8 ಜಿಬಿ ಮತ್ತು ಎಸ್‌ಎಸ್‌ಡಿ ಸಾಕು.

ಡೆಸ್ಕ್‌ಟಾಪು ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಬೆಂಗಳೂರಿನ ಫ್ಲ್ಯಾಟಿಗಾದರೆ ನಾನು ಅದನ್ನೇ ಹೇಳುತ್ತಿದ್ದೆ. ತಡಸಕ್ಕೆ ಲ್ಯಾಪ್‌ಟಾಪೇ ಸರಿ ಅಂದೆ, ಯಾಕೆಂದರೆ ಕರೆಂಟು. ಹಾಡಿನ ನಡುವೆ ಕರೆಂಟು ಹೋದರೆ ಡೆಸ್ಕ್‌ಟಾಪಿನ ಜೊತೆ ಹಾಡೂ ಹೋಗುತ್ತದೆ. ಯುಪಿಎಸ್ ಇಡಬಹುದು, ಆದರೆ ಅಗ್ಗದ ಯುಪಿಎಸ್ಸುಗಳು ಬ್ಯಾಟರಿ ಮೇಲೆ ಓಡುವಾಗ ಒಂದು ಗುಂಯ್ ಸದ್ದನ್ನು ಮೈಕಿನ ದಾರಿಗೆ ಸೇರಿಸುವುದುಂಟು. ಲ್ಯಾಪ್‌ಟಾಪಿನಲ್ಲಿ ಆ ಗೋಜೇ ಇಲ್ಲ.

ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು ಸಿಕ್ಕಿತು, 18,500. ಕಂಪನಿಗಳು ನಾಲ್ಕೈದು ವರ್ಷ ಬಳಸಿ ಬಿಟ್ಟ ಬಿಸಿನೆಸ್ ಮಾದರಿ. ಇವು ಮನೆ ಬಳಕೆಯ ಹೊಸ ಲ್ಯಾಪ್‌ಟಾಪುಗಳಿಗಿಂತ ಗಟ್ಟಿ, ಬಿಚ್ಚಿ ರ‍್ಯಾಮು, ಡಿಸ್ಕು ಬದಲಿಸುವುದೂ ಸುಲಭ. ಒಂದು ಎಚ್ಚರ ಮಾತ್ರ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಓಡಬೇಕಾದರೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. 'ಐ5 ಐತ್ರಿ ಸರ' ಅಂತ ಅಂಗಡಿಯವರು ಅಂದರೆ ಅಷ್ಟಕ್ಕೇ ಒಪ್ಪಬೇಡಿ, ಯಾವ ತಲೆಮಾರು ಅಂತ ಕೇಳಿ. ಅಲ್ಲೇ ನಿಂತು ಪ್ರತಿಯೊಂದು ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಚುಚ್ಚಿ ನೋಡಿ. ಹತ್ತು ನಿಮಿಷ ವಿಡಿಯೋ ಓಡಿಸಿ ಫ್ಯಾನಿಗೆ ಕಿವಿ ಇಡಿ. ಗೊರಗೊರ ಅನ್ನುವ ಫ್ಯಾನು ಎಕ್ಸೆಲ್ ಬಳಸುವವರಿಗೆ ನಡೆಯುತ್ತದೆ, ನಮಗೆ ನಡೆಯುವುದಿಲ್ಲ.

ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿಗೆ ಮೈಕ್ ಸಿಕ್ಕಿಸಿ ರೆಕಾರ್ಡ್ ಮಾಡಲು ಹೋಗಬೇಡಿ. ನಡುವೆ ಆಡಿಯೋ ಇಂಟರ್ಫೇಸ್ ಅಂತ ಒಂದು ಪುಟ್ಟ ಪೆಟ್ಟಿಗೆ ಬೇಕು. ಮೈಕಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡಿ, ಅಂಕಿಗಳಾಗಿ ಬದಲಿಸಿ, ಯುಎಸ್‌ಬಿ ಮೂಲಕ ಕಳಿಸುವುದು ಅದರ ಕೆಲಸ. ಬೆರಿಂಜರ್, ಫೋಕಸ್‌ರೈಟ್, ಎಂ-ಆಡಿಯೋ ಇವರೆಲ್ಲ ಸಣ್ಣ ಬೆಲೆಯವನ್ನೂ ಮಾಡುತ್ತಾರೆ. ನಾವು ತಗೊಂಡದ್ದು ಎರಡು ಮೈಕ್ ಹಾಕಬಹುದಾದದ್ದು, 8,900. ಯುಎಸ್‌ಬಿ ಮೈಕ್ ಕೊಂಡರೆ ಈ ಪೆಟ್ಟಿಗೆ ಬೇಕಿಲ್ಲವಲ್ಲ ಅಂತ ಕೇಳುತ್ತೀರಿ. ಒಬ್ಬರೇ ಮಾತಾಡುವ ಪಾಡ್‌ಕಾಸ್ಟಿಗೆ ಬೇಕಿಲ್ಲ. ನಾಲ್ಕು ಜನ ಕೂತು ಹಾಡುವಾಗ ಎರಡನೇ ಮೈಕ್ ಬೇಕೇ ಬೇಕು, ಒಂದೇ ಕಂಪ್ಯೂಟರಿಗೆ ಎರಡು ಯುಎಸ್‌ಬಿ ಮೈಕ್ ಹಾಕಿ ಒಟ್ಟಿಗೆ ಓಡಿಸುವುದು ತಲೆನೋವು.

ಮೈಕಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಹಟದ್ದು. ಯೂಟ್ಯೂಬಿನಲ್ಲಿ ಎಲ್ಲರೂ ಕಂಡೆನ್ಸರ್ ಮೈಕ್ ತೋರಿಸುತ್ತಾರೆ. ಚೆಂದವಾಗಿ ಕಾಣುತ್ತದೆ, ಸೂಕ್ಷ್ಮವಾಗಿ ಕೇಳಿಸಿಕೊಳ್ಳುತ್ತದೆ. ಅದರ ತೊಂದರೆಯೂ ಅದೇ. ಹೆದ್ದಾರಿಯ ಲಾರಿ, ಪಕ್ಕದ ಮನೆಯ ಕುಕ್ಕರ್ ಸೀಟಿ, ಹಿತ್ತಲಿನ ಎಮ್ಮೆ ಎಲ್ಲವನ್ನೂ ಅಷ್ಟೇ ಸೂಕ್ಷ್ಮವಾಗಿ ಕೇಳಿಸಿಕೊಳ್ಳುತ್ತದೆ. ಒಳ್ಳೆಯ ಕೋಣೆ ಇಲ್ಲದವರಿಗೆ ಡೈನಮಿಕ್ ಮೈಕೇ ಸರಿ: ವೇದಿಕೆಯ ಮೇಲೆ ಗಾಯಕರು ಬಾಯಿ ಹತ್ತಿರ ಹಿಡಿಯುತ್ತಾರಲ್ಲ, ಅದು. ಈ ಜಾತಿಯಲ್ಲಿ ಜಗತ್ಪ್ರಸಿದ್ಧವಾದ ಶೂರ್ ಕಂಪನಿಯ ಎಸ್‌ಎಂ58 ಬಂದದ್ದು 1966ರಲ್ಲಿ, ಇಂದಿಗೂ ಹೆಚ್ಚು ಬದಲಾಗಿಲ್ಲ. ಅದರ ನಕಲಿಗಳು ಮಾರುಕಟ್ಟೆಯಲ್ಲಿ ತುಂಬಿವೆ, ಅರ್ಧ ಬೆಲೆಗೆ ಸಿಕ್ಕರೆ ಅನುಮಾನಪಡಿ. ನಮ್ಮ ಬಜೆಟ್ಟಿಗೆ ಅದು ದುಬಾರಿ ಆಯಿತು. 2,600ರಂತೆ ಬೇರೆ ಕಂಪನಿಯ ಎರಡು ಡೈನಮಿಕ್ ಮೈಕ್ ಕೊಂಡೆವು.

ಉಳಿದದ್ದು ಬೇಗ ಹೇಳುತ್ತೇನೆ. ಕಿವಿ ಪೂರ್ತಿ ಮುಚ್ಚುವ, ವೈರ್ ಇರುವ ಹೆಡ್‌ಫೋನ್ 3,200. ಬ್ಲೂಟೂತ್ ಬೇಡ, ಅದರಲ್ಲಿ ಸದ್ದು ತಡವಾಗಿ ಬರುತ್ತದೆ. ಎರಡು ಸ್ಟ್ಯಾಂಡಿಗೆ 1,700, ಎರಡು ಕೇಬಲ್ಲಿಗೆ 900. ಹೊರಗಿನ ಹಾರ್ಡ್‌ಡಿಸ್ಕ್ 4,600. ಸಾಫ್ಟ್‌ವೇರ್ ರೀಪರ್. ವಿನ್‌ಆ್ಯಂಪ್ ನೆನಪಿದೆಯಲ್ಲ, ಅದನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ಶುರು ಮಾಡಿದ್ದು. ಅರವತ್ತು ದಿನ ಎಲ್ಲ ಸೌಲಭ್ಯದೊಂದಿಗೆ ಪರೀಕ್ಷಿಸಬಹುದು, ಆಮೇಲೆ ಮನೆ ಬಳಕೆಯ ಲೈಸೆನ್ಸಿಗೆ 60 ಡಾಲರ್. ಕಳ್ಳ ಸಾಫ್ಟ್‌ವೇರ್ ಹಾಕಿಕೊಂಡು ಅದರ ಜೊತೆ ವೈರಸ್ ತಂದುಕೊಳ್ಳುವುದಕ್ಕಿಂತ ಇದು ಮೇಲು. ಆ ಅರವತ್ತು ಡಾಲರ್ ನನ್ನ ಕಡೆಯಿಂದ, ಮಾಮಾ ಅಂದ ಮೇಲೆ ಅಷ್ಟಾದರೂ ಬೇಡವೇ.

ಈಗ ಕೋಣೆಗೆ ಬರೋಣ. ನನ್ನ ಪ್ರಕಾರ ಇಡೀ ಕಥೆಯ ಮುಕ್ಕಾಲು ಪಾಲು ಇಲ್ಲಿದೆ, ಇದಕ್ಕೆ ದುಡ್ಡೂ ಬೇಕಿಲ್ಲ.

ಅಕ್ಕನ ಮನೆಯ ಪಡಸಾಲೆ ಹೊಸದಾಗಿ ಕಟ್ಟಿಸಿದ್ದು. ಕಾಂಕ್ರೀಟಿನ ಛತ್ತು, ಹೊಳೆಯುವ ಟೈಲ್ಸು, ನುಣ್ಣಗಿನ ಗೋಡೆ. ಅಳಿಯನಿಗೆ ಅಲ್ಲೇ ಮಾಡಬೇಕು ಅಂತ ಆಸೆ, ವಿಡಿಯೋ ಚೆನ್ನಾಗಿ ಬರುತ್ತದೆ. "ನಡು ನಿಂತು ಒಂದ್ ಚಪ್ಪಾಳೆ ಹೊಡಿ" ಅಂದೆ. ಟಣ್ ಅಂತ ಕಂಚಿನ ಪಾತ್ರೆ ಬಿದ್ದ ಹಾಗೆ ಗುಂಯ್‌ಗುಟ್ಟಿತು. ಅದೇ ಸದ್ದು ಪ್ರತಿ ಅಕ್ಷರದ ಹಿಂದೆ ಬಾಲದಂತೆ ಬರುತ್ತದೆ, ಒಂದು ಸಲ ರೆಕಾರ್ಡ್ ಆದ ಮೇಲೆ ಅದನ್ನು ಪೂರ್ತಿ ತೆಗೆಯಲು ಯಾವ ಸಾಫ್ಟ್‌ವೇರಿಗೂ ಆಗುವುದಿಲ್ಲ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಇನ್ನೂ ಕಷ್ಟ, ಗಾಳಿ ಬೀಸಿದರೆ ತಗಡೇ ಹಾಡುತ್ತದೆ. ಮೂರನೆಯದು ಅಡುಗೆಮನೆಯ ಪಕ್ಕದ ಹಳೇ ಕೋಣೆ: ಮಣ್ಣಿನ ಗೋಡೆ, ಮೇಲೆ ಕಟ್ಟಿಗೆಯ ಜಂತಿ, ಒಂದು ಬದಿಗೆ ಗೋವಿನಜೋಳದ ಚೀಲ, ಇನ್ನೊಂದು ಬದಿಗೆ ಬಿಡಿಸಿಟ್ಟ ಹತ್ತಿ. ಅಲ್ಲಿ ಚಪ್ಪಾಳೆ ಹೊಡೆದರೆ ಚಪ್ಪಾಳೆ ಅಷ್ಟೇ ಕೇಳಿಸಿತು, ಹಿಂದೆ ಏನೂ ಇಲ್ಲ.

ಸ್ಟುಡಿಯೋದವರು ಸಾವಿರಾರು ರೂಪಾಯಿ ಕೊಟ್ಟು ಗೋಡೆಗೆ ಅಂಟಿಸುವುದು ಇಂಥದ್ದನ್ನೇ. ಸದ್ದು ಒಳಗೆ ಹೊಕ್ಕು ಸುಸ್ತಾಗುವ, ಎಳೆಎಳೆಯಾಗಿರುವ ದಪ್ಪ ವಸ್ತು ಬೇಕು. ಹತ್ತಿ ಅದಕ್ಕೆ ಹೇಳಿ ಮಾಡಿಸಿದ್ದು. ಹಳೇ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಹೊಲಿದ ನಮ್ಮ ಕೌದಿ ಕೂಡ ಹಾಗೆಯೇ. ಅಕ್ಕ ನಾಲ್ಕು ಕೌದಿ ಕೊಟ್ಟಳು, ಅದರಲ್ಲೊಂದು ನಮ್ಮವ್ವ ಹೊಲಿದದ್ದು. ಎರಡನ್ನು ಹಗ್ಗ ಕಟ್ಟಿ ಅಜ್ಜನ ಬೆನ್ನ ಹಿಂದೆ ಇಳಿಬಿಟ್ಟೆವು. ಎಲ್ಲರೂ ಮೈಕಿನ ಹಿಂದೆ ಹಾಕಬೇಕು ಅಂದುಕೊಳ್ಳುತ್ತಾರೆ, ಆದರೆ ಮೈಕ್ ನೋಡುತ್ತಿರುವುದು ಹಾಡುವವರನ್ನು, ಅವರ ಬೆನ್ನ ಹಿಂದಿನ ಗೋಡೆಯೇ ಅದಕ್ಕೆ ಹೆಚ್ಚು ಕೇಳಿಸುವುದು. ಒಂದನ್ನು ನೆಲಕ್ಕೆ ಹಾಸಿದೆವು, ಒಂದನ್ನು ಬಾಗಿಲಿಗೆ ಹಾಕಿದೆವು. ಬೆಂಗಳೂರಿನವರಿಗೆ ಕೌದಿ ಇಲ್ಲದಿದ್ದರೆ ರಜಾಯಿ ನಡೆಯುತ್ತದೆ, ಬಟ್ಟೆ ತುಂಬಿದ ವಾರ್ಡ್‌ರೋಬನ್ನು ತೆರೆದಿಟ್ಟು ಅದಕ್ಕೆ ಬೆನ್ನು ಮಾಡಿ ಹಾಡಿದರೂ ನಡೆಯುತ್ತದೆ. ಮೊಟ್ಟೆಯ ಟ್ರೇ ಅಂಟಿಸಬೇಡಿ. ಅದರಿಂದ ಹೊರಗಿನ ಸದ್ದು ನಿಲ್ಲುವುದಿಲ್ಲ, ಗೋಡೆ ಮಾತ್ರ ಹಾಳು.

ಕೋಣೆ ಆಯಿತು ಅಂದುಕೊಂಡಾಗ ಹೆಡ್‌ಫೋನಿನಲ್ಲಿ ಒಂದು ಜುಂಯ್ ಶುರುವಾಯಿತು. ಚಾರ್ಜರ್ ಕಿತ್ತರೆ ಮಾಯ, ಹಾಕಿದರೆ ಹಾಜರ್. ನಮ್ಮ ಕರೆಂಟಿನ 50 ಹರ್ಟ್ಸಿನ ಗುಂಗು ಅದು. ಮನೆಯ ಅರ್ಥಿಂಗ್ ಎಂದೋ ಸತ್ತಿತ್ತು. ಮೂರು ಪಿನ್ನಿನ ಸಾಕೆಟ್ ಇದ್ದರೂ ಮೂರನೆಯದು ಬರೀ ತೂತು. ಇಂಟರ್ನೆಟ್ಟಿನಲ್ಲಿ ಕೆಲವರು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿ, ಹಮ್ ಹೋಗುತ್ತೆ ಅಂತ ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ. ಮೈಕಿನ ಲೋಹದ ಜಾಳಿಗೆಗೆ ತುಟಿ ತಾಗಿಸಿ ಹಾಡುವ ಮುದುಕರ ಜೀವದ ಪ್ರಶ್ನೆ ಅದು. ಊರಿನ ಇಲೆಕ್ಟ್ರಿಷಿಯನ್ ಕರೆಸಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿಸಿ ಹೊಸ ಅರ್ಥಿಂಗ್ ಮಾಡಿಸಿದೆವು, 2,500. ಇಡೀ ಪಟ್ಟಿಯಲ್ಲಿ ಅಕ್ಕ ಮರುಮಾತಿಲ್ಲದೆ ಒಪ್ಪಿದ ಖರ್ಚು ಇದೊಂದೇ. ಫ್ರಿಜ್ ಮುಟ್ಟಿದಾಗಲೆಲ್ಲ ಅವಳಿಗೆ ಜುಂ ಅನ್ನುತ್ತಿತ್ತಂತೆ.

ಒಟ್ಟು 45,500. ಅಕ್ಕನ ಕೈಗೆ 4,500 ವಾಪಸ್ ಹೋಯಿತು.

ಕೂಡಿಸುವ ಕ್ರಮದ ಬಗ್ಗೆ ಒಂದು ಮಾತು. ತಾಳದ ಸದ್ದು ಚೂಪು, ಪುಟ್ಟ ಕೋಣೆಯಲ್ಲಿ ಅದು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಈ ಮೈಕುಗಳು ಮುಂದಿನದ್ದನ್ನು ಚೆನ್ನಾಗಿ ಕೇಳುತ್ತವೆ, ನೇರ ಹಿಂದಿನದ್ದಕ್ಕೆ ಹೆಚ್ಚೂಕಡಿಮೆ ಕಿವುಡು. ಹಾಗಾಗಿ ತಾಳದವರನ್ನು ಅಜ್ಜನ ಎದುರಿಗೆ, ಮೈಕಿನ ಬೆನ್ನಿಗೆ ಕೂಡಿಸಿದೆವು. ಮೇಳದಲ್ಲಿ ಅವರು ಎದುರುಬದುರು ಕೂಡುವುದೇ ರೂಢಿ, ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಅಜ್ಜನ ಮೈಕ್ ಬಾಯಿಯಿಂದ ಒಂದು ಗೇಣು. ಎರಡನೆಯದು ಹಿಮ್ಮೇಳಕ್ಕೆ, ಎರಡು ಮೂರು ಅಡಿ ದೂರ. ಲ್ಯಾಪ್‌ಟಾಪು ಬಾಗಿಲಾಚೆ ಅಡುಗೆಮನೆಯಲ್ಲಿ. ಮೈಕಿನ ಕೇಬಲ್ ಎಷ್ಟು ಉದ್ದ ಇದ್ದರೂ ಪರವಾಗಿಲ್ಲ, ಯುಎಸ್‌ಬಿ ಕೇಬಲ್ ಮಾತ್ರ ಗಿಡ್ಡ ಇರಲಿ. ವಾಲ್ಯೂಮಿನ ಪಟ್ಟಿ ಅತಿ ಜೋರಾದಾಗಲೂ ಮೈನಸ್ 12ರ ಆಸುಪಾಸಿನಲ್ಲಿ ನಿಲ್ಲುವಂತೆ ಇಟ್ಟೆವು. ಅಜ್ಜ ರಂಗಕ್ಕೇರಿದರೆ ದನಿ ದುಪ್ಪಟ್ಟಾಗುತ್ತದೆ, ಕೆಂಪಿಗೆ ತಾಗಿ ಒಡೆದ ದನಿ ಮತ್ತೆ ಕೂಡುವುದಿಲ್ಲ. ಆಮೇಲೆ ಕೇಳುವಾಗ ಹೆದ್ದಾರಿಯ ಲಾರಿಗಳ ಗುಡುಗನ್ನು 80 ಹರ್ಟ್ಸಿನ ಕೆಳಗೆ ಕತ್ತರಿಸಿದೆವು. ಪೂರ್ತಿ ಹೋಗಲಿಲ್ಲ. ಹೋಗದಿದ್ದರೂ ನನಗೇನೂ ಬೇಸರ ಇಲ್ಲ, ತಡಸ ಅಂದರೆ ಹೆದ್ದಾರಿಯೂ ಹೌದು.

ಲೇಟೆನ್ಸಿ, ಅಂದರೆ ಹಾಡಿದ್ದು ಹೆಡ್‌ಫೋನಿಗೆ ತಡವಾಗಿ ವಾಪಸ್ ಬರುವ ಸಮಸ್ಯೆ, ನಮಗೆ ಬರಲೇ ಇಲ್ಲ. ಹಾಡುವವರು ಯಾರೂ ಹೆಡ್‌ಫೋನ್ ಹಾಕಿರಲಿಲ್ಲ. ನೀವು ಮೊದಲೇ ರೆಕಾರ್ಡ್ ಮಾಡಿದ ಗಿಟಾರಿನ ಮೇಲೆ ಹಾಡುವವರಾದರೆ ಇಂಟರ್ಫೇಸಿನ ಮೇಲೆ ಡೈರೆಕ್ಟ್ ಮಾನಿಟರ್ ಅಂತ ಒಂದು ಗುಂಡಿ ಇರುತ್ತದೆ, ಒತ್ತಿ. ನಿಮ್ಮ ದನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಕಿವಿಗೆ ಬರುತ್ತದೆ. ಇದಕ್ಕಾಗಿ ಹೊಸ ಪ್ರೊಸೆಸರ್ ಕೊಂಡವರನ್ನು ನಾನು ಬಲ್ಲೆ.

ನಾಲ್ಕು ರಾತ್ರಿಯಲ್ಲಿ 31 ಪದ ಆದವು. ಒಂದು ಪದ ಹದಿನಾಲ್ಕು ನಿಮಿಷ. ಅದನ್ನು ಕೇಳುವಾಗ ಗಂಗೂಬಾಯಿ ಹಾನಗಲ್ಲರು ನೆನಪಾದರು. 1930ರ ದಶಕದಲ್ಲಿ ಅವರ ಮೊದಲ ಗ್ರಾಮಫೋನ್ ತಟ್ಟೆಗಳು 'ಗಾಂಧಾರಿ' ಅನ್ನುವ ಹೆಸರಿನಲ್ಲಿ ಬಂದವು. ಆ ತಟ್ಟೆಗಳ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು ಮೂರೂವರೆ ನಿಮಿಷ. ಗಂಟೆಗಟ್ಟಲೆ ಬಿಡಿಸಿ ಹಾಡುವ ರಾಗವನ್ನು ಅಷ್ಟರಲ್ಲಿ ಮಡಚಿ ಇಡಬೇಕಿತ್ತು. ಅಂಥದೇ ಒಂದು ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿ, ಗದುಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಉತ್ತರದ ಊರುಗಳನ್ನೆಲ್ಲ ಸುತ್ತಿದರು. ಕೊನೆಗೆ ಗುರು ಸಿಕ್ಕಿದ್ದು ನಮ್ಮ ಬದಿಯ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಮೂರು ನಿಮಿಷದ ತಟ್ಟೆಗೆ ಅಷ್ಟು ಶಕ್ತಿ ಇತ್ತು. ಅಜ್ಜನ ಹದಿನಾಲ್ಕು ನಿಮಿಷವನ್ನು ಯಾರು ಕೇಳುತ್ತಾರೋ, ಯಾವಾಗ ಕೇಳುತ್ತಾರೋ.

ಕೇಳಬೇಕಾದರೆ ಅದು ಉಳಿದಿರಬೇಕಲ್ಲ. ಫೈಲುಗಳನ್ನು ಎಂಪಿ3 ಅಲ್ಲ, ವೇವ್ ಆಗಿ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ, ಹಾರ್ಡ್‌ಡಿಸ್ಕಿನಲ್ಲಿ ಒಂದು, ಬೇರೆ ಊರಿನಲ್ಲಿ ಒಂದು. ನಮ್ಮ ಮೂರನೆಯದು ಬೆಂಗಳೂರಿನಲ್ಲಿ ನನ್ನ ಹತ್ತಿರ ಇದೆ. ಫೈಲಿನ ಹೆಸರಿನಲ್ಲೇ ಪದದ ಮೊದಲ ಮಾತು, ಹಾಡಿದವರು, ತಾರೀಕು, ಊರು ಇರಲಿ. 'ನ್ಯೂ ರೆಕಾರ್ಡಿಂಗ್ 17' ಅನ್ನುವುದನ್ನು ಹತ್ತು ವರ್ಷದ ಮೇಲೆ ಯಾರೂ ತೆರೆಯುವುದಿಲ್ಲ. ನಮ್ಮ ತಾಲ್ಲೂಕಿನ ಗೊಟಗೋಡಿಯಲ್ಲೇ 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯ ಇದೆ, ಅಲ್ಲಿಗೂ ಒಂದು ಪ್ರತಿ ಒಯ್ದು ಕೊಡು ಅಂದಿದ್ದೇನೆ.

ಯೂಟ್ಯೂಬಿಗೆ ಹಾಕುವ ಮುನ್ನ ಅಳಿಯನಿಗೆ ಒಂದು ಕೆಲಸ ಹಚ್ಚಿದೆ: ನಾಲ್ಕೂ ಜನರ ಮನೆಗೆ ಹೋಗಿ, ಅವರ ಮಕ್ಕಳು ಮೊಮ್ಮಕ್ಕಳ ಎದುರಿಗೆ ಕೇಳಿಸಿ, ಹಾಕಲೋ ಬೇಡವೋ ಅಂತ ಕೇಳಿ ಬರುವುದು. ನಮ್ಮ ಕಾಯಿದೆಯಲ್ಲಿ ಬರೆದವರು ತೀರಿ 60 ವರ್ಷ ಆದ ಮೇಲೆ ಸಾಹಿತ್ಯದ ಹಕ್ಕು ಮುಗಿಯುತ್ತದೆ, ಶರೀಫರ ಪದಗಳನ್ನು ಯಾರೂ ಹಾಡಬಹುದು. ಆದರೆ ಹಾಡಿದ ಗಂಟಲಿಗೆ ಅದರದೇ ಹಕ್ಕಿದೆ. ಮೂವರು ಹೂಂ ಅಂದರು. ದಮ್ಮಡಿಯವರು ಬ್ಯಾಡ ಅಂದರು. ತಾವಿರುವ ಆರು ಪದ ಮನೆಯಲ್ಲಿ ಇಟ್ಟುಕೊಳ್ಳಿ, ಹೊರಗೆ ಬಿಡಬೇಡಿ ಅಂತ. ಕಾರಣ ಕೇಳಲಿಲ್ಲ. ಆ ಆರನ್ನು ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೇವೆ.

ಪಟ್ಟಿಯಲ್ಲಿ ಇನ್ನೂ ಏಳು ಪದ ಬಾಕಿ ಇವೆ. ಅವಕ್ಕೆ ಅಜ್ಜ ಆ ಕೋಣೆಯಲ್ಲಿ ಬಾಯಿ ಬಿಡಲಿಲ್ಲ. "ಅವು ಹೆಣದ ಮುಂದ ಹಾಡೂ ಪದ. ಕಾಳು ತುಂಬಿದ ಮನಿಯಾಗ, ದೀಪ ಹಚ್ಚಿದ ಮ್ಯಾಲ ತಗಿಬಾರದು." ಅಕ್ಕನೂ ಅದನ್ನೇ ಅಂದಳು. ಅಳಿಯ ಒತ್ತಾಯ ಮಾಡಲು ಹೊರಟ, ಸುಮ್ಮನಿರು ಅಂದೆ. ಆ ಧಾಟಿ ಅಜ್ಜನನ್ನು ಬಿಟ್ಟರೆ ಮತ್ತೊಬ್ಬರಿಗೆ ಗೊತ್ತಿಲ್ಲ ಅನ್ನೋದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಆ ಪದ ಮುಂದೆ ಯಾರ ಮುಂದೆ ಹಾಡಬೇಕಾಗುತ್ತದೆ ಅನ್ನೋದೂ. ಎರಡು ದಿನ ಬಿಟ್ಟು ಅಜ್ಜನೇ ಫೋನ್ ಮಾಡಿಸಿದರು. "ತಮ್ಮಾ, ಹೊಲದಾಗ ಹಾಡಿದ್ರ ದೋಷಿಲ್ಲ. ಬೇವಿನ ಗಿಡದ ಬುಡಕ ಕುಂಡ್ರೂಣು. ನಿಮ್ಮ ಮಿಷನ್ನು ಅಲ್ಲಿ ನಡೀತೈತೇನು?"

ನಡೆಯುತ್ತದೆ. ಹೊಲದಲ್ಲಿ ಕರೆಂಟಿಲ್ಲ, ಆದರೆ ಸ್ಕ್ರೀನಿನ ಬೆಳಕು ಇಳಿಸಿ, ವೈಫೈ ಆರಿಸಿ ನೋಡಿದೆವು: ಹಳೇ ಬ್ಯಾಟರಿಯೂ ಎರಡೂಕಾಲು ಗಂಟೆ ಬಂತು. ಇಂಟರ್ಫೇಸ್ ಲ್ಯಾಪ್‌ಟಾಪಿನಿಂದಲೇ ಕರೆಂಟು ತಗೊಳ್ಳುತ್ತದೆ. ಬಯಲಿನಲ್ಲಿ ಗೋಡೆಯೇ ಇಲ್ಲದ ಮೇಲೆ ಪ್ರತಿಧ್ವನಿಯೂ ಇಲ್ಲ, ಕೌದಿ ಕೂಡಲು ಮಾತ್ರ. ಗಾಳಿಯದ್ದೊಂದೇ ಚಿಂತೆ. ಮೈಕಿಗೆ ಹಾಕುವ ಸ್ಪಂಜಿನ ಟೋಪಿ ಎರಡು ತರಿಸಿದ್ದೇನೆ, 180 ರೂಪಾಯಿ. ಅಮಾವಾಸ್ಯೆ ಕಳೆದ ಮೇಲೆ ಸೋಮವಾರ ಬಿಟ್ಟು ಯಾವ ದಿನವಾದರೂ ಆದೀತು ಅಂದಿದ್ದಾರೆ. ನಾನು ಶುಕ್ರವಾರಕ್ಕೆ ರಜೆ ಹಾಕಿದ್ದೇನೆ.